ಕಿರುಬೆರಳಿನ ಸ್ವರ

ರಾಳದ ವಾಸನೆ ಮೂಗಿಗೆ ಬಂದದ್ದೇ ತಡ, ಅಪ್ಪನ ಅಂಗಡಿ ಕಣ್ಣೆದುರು ಬಂದು ನಿಂತಿತು.

ಅಪ್ಪ ಪಿಟೀಲು ರಿಪೇರಿ ಮಾಡುತ್ತಿದ್ದರು. ಒಡೆದದ್ದನ್ನು ಜೋಡಿಸಿ, ತಂತಿ ಬಿಗಿದು, ಕಮಾನಿಗೆ ರಾಳದ ಬಿಲ್ಲೆ ಉಜ್ಜಿ ಒಮ್ಮೆ ನುಡಿಸಿ ನೋಡುವಾಗ ಬಿಳಿ ಪುಡಿ ಕಿಟಕಿಯ ಬಿಸಿಲಿನಲ್ಲಿ ತೇಲಾಡುತ್ತಿತ್ತು. ಮೇಜಿನ ಕೆಳಗೆ ಕೂತ ಹುಡುಗಿ ಅದನ್ನು ಮೂಗಿನ ತುಂಬ ಎಳೆದುಕೊಳ್ಳುತ್ತಿದ್ದಳು. ಆ ಹುಡುಗಿ ದೊಡ್ಡವಳಾದಳು, ಪೊಲೀಸ್ ಇಲಾಖೆ ಸೇರಿದಳು, ನಿವೃತ್ತಳಾದಳು. ಈಗ ಮೊಣಕಾಲಿಗೆ ಕೋಲಿನ ಆಸರೆ ಬೇಕು. ಮೂಗಿಗೆ ಮಾತ್ರ ವಯಸ್ಸಾಗಿರಲಿಲ್ಲ.

ಆರನೇ ಅಭ್ಯಾಸದ ಕೋಣೆಯ ಬಾಗಿಲಲ್ಲಿ ನಿಂತ ಇನ್‌ಸ್ಪೆಕ್ಟರಮ್ಮ ಇನ್ನೊಮ್ಮೆ ಉಸಿರೆಳೆದರು.

“ಏನಾಯ್ತು ಮೇಡಂ? ಸುಸ್ತಾಯ್ತಾ? ಕುರ್ಚಿ ತರಿಸ್ಲಾ?” ಹಿಂದಿನಿಂದ ಕೇಳಿದವರು ಸಂಗೀತ ವಿಭಾಗದ ಮುಖ್ಯಸ್ಥರು. ನಿಂತಲ್ಲಿ, ಕೂತಲ್ಲಿ ಬೆರಳಿನಿಂದ ತಾಳ ಹಾಕುತ್ತಲೇ ಇರುವ ಮನುಷ್ಯ. ವಿದ್ಯಾರ್ಥಿಗಳು ಅವರಿಗೆ ಗಡಿಯಾರ ಸಾರ್ ಎಂದು ಹೆಸರಿಟ್ಟಿದ್ದರು. ಅವರಿಗೂ ಅದು ಗೊತ್ತಿತ್ತು, ಬೇಸರವಿರಲಿಲ್ಲ.

“ಸುಸ್ತಲ್ಲ ಸಾರ್. ಈ ಕೋಣೇಲಿ ಎರಡು ವಾಸನೆ ಇದೆ.”

“ಎರಡು?”

“ಒಂದು ರಾಳದ್ದು. ಅದು ಇಲ್ಲಿರಬೇಕಾದ್ದೇ. ಇನ್ನೊಂದು ಮರಕ್ಕೆ ಹಚ್ಚೋ ಎಣ್ಣೇದು.”

ಗಡಿಯಾರ ಸಾರ್ ಅವರ ಬೆರಳು ನಿಂತಿತು. “ಸಾಧ್ಯವೇ ಇಲ್ಲ. ಎಣ್ಣೆ ಹಚ್ಚಿಸಿದ್ದು ಹಿಂದಿನ ಮೆಟ್ಟಿಲಿಗೆ ಮಾತ್ರ. ಕೋಣೆಗಳಲ್ಲಿ ನೆಲಹಾಸಿದೆ.”

ಆ ಮೆಟ್ಟಿಲಿನಿಂದಲೇ ನಿನ್ನೆ ಮಧ್ಯಾಹ್ನ ಪಿಟೀಲು ಕಲಿಸುವ ಮೇಡಂ ಉರುಳಿ ಬಿದ್ದಿದ್ದರು. ಆಸ್ಪತ್ರೆಯಲ್ಲಿ ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಇನ್‌ಸ್ಪೆಕ್ಟರಮ್ಮ ಒಳಗೆ ಬಂದರು. ಚಿಕ್ಕ ಕೋಣೆ. ಒಂದು ಹಳೆಯ ಪಿಯಾನೋ, ಎರಡು ಕುರ್ಚಿ, ಹಾಳೆ ಇಡುವ ಸ್ಟ್ಯಾಂಡ್. ಸದ್ದು ಪ್ರತಿಧ್ವನಿಸದಿರಲೆಂದು ಒಂದು ಗೋಡೆಯ ಉದ್ದಕ್ಕೂ ದಪ್ಪ ಉಣ್ಣೆಯ ಪರದೆ ಬಿಟ್ಟಿದ್ದರು. ಅವರು ಮೂಗು ಹೇಳಿದ ಕಡೆ ನಡೆದು, ಕೋಲಿನ ತುದಿಯಿಂದ ಪರದೆಯನ್ನು ಪಕ್ಕಕ್ಕೆ ಸರಿಸಿದರು.

ಗೋಡೆಗೆ ಒರಗಿಸಿಟ್ಟಿದ್ದ ಮರದ ಫಲಕ ಅಲ್ಲಿತ್ತು. ‘ಎಣ್ಣೆ ಹಚ್ಚಿದೆ. ಈ ಮೆಟ್ಟಿಲು ಬಳಸಬೇಡಿ.’ ಎರಡೂ ತುದಿಗೆ ಕಟ್ಟಿದ್ದ ಹಗ್ಗ ಹಾಗೆಯೇ ಜೋತಾಡುತ್ತಿತ್ತು. ಕೆಳಗಿನ ಅಂಚು ಇನ್ನೂ ಎಣ್ಣೆ ಕುಡಿದು ಕಪ್ಪಗಿತ್ತು.



ಮೆಟ್ಟಿಲ ಮೇಲ್ತುದಿಯಲ್ಲಿ ಅಡ್ಡ ಕಟ್ಟಿದ್ದ ಆ ಫಲಕ ಇದ್ದಿದ್ದರೆ ಮೇಡಂ ಅತ್ತ ಕಾಲಿಡುತ್ತಿರಲಿಲ್ಲ. ಅದನ್ನು ತೆಗೆದವರು ಯಾರು ಎಂಬುದೊಂದೇ ಪ್ರಶ್ನೆ ನಿನ್ನೆಯಿಂದ ಇಡೀ ವಿಶ್ವವಿದ್ಯಾಲಯವನ್ನು ಕೊರೆಯುತ್ತಿತ್ತು. ಅದನ್ನು ತೀರ್ಮಾನಿಸಲೆಂದೇ ಇವತ್ತು ಊಟದ ನಂತರ ಶಿಸ್ತು ಸಮಿತಿ ಸೇರುವುದಿತ್ತು.

“ನಿನ್ನೆ ಮಧ್ಯಾಹ್ನ ಈ ಕೋಣೆ ಯಾರ ಹತ್ತಿರ ಇತ್ತು ಸಾರ್?” ಕೇಳಿದರು ಇನ್‌ಸ್ಪೆಕ್ಟರಮ್ಮ. ಉತ್ತರ ಗೊತ್ತಿದ್ದೇ ಕೇಳಿದರು. ವೃತ್ತಿಯ ಅಭ್ಯಾಸ.

ಗಡಿಯಾರ ಸಾರ್ ನೆಲ ನೋಡಿದರು. “ನಿಮ್ಮ ಮೊಮ್ಮಗಳ ಹತ್ತಿರ.”

ಗುಬ್ಬಿ. ಮಗಳ ಮಗಳು. ಸಂಗೀತದ ಪದವಿ ತರಗತಿಯ ಕೊನೆಯ ವರ್ಷ. ಮೇಡಂ ಬಿದ್ದಾಗ ತಾನು ಆರನೇ ಕೋಣೆಯಲ್ಲಿ ಅಭ್ಯಾಸ ಮಾಡುತ್ತಿದ್ದೆ ಎಂದು ಎಲ್ಲರ ಮುಂದೆ ಹೇಳಿದವಳು. ಪಕ್ಕದ ಕೋಣೆಯವಳು ಅವಳ ಪಿಟೀಲು ಕೇಳಿದ್ದೇನೆಂದು ಸಾಕ್ಷಿ ಹೇಳಿದ್ದರಿಂದ ಇಷ್ಟು ಹೊತ್ತು ಉಳಿದುಕೊಂಡಿದ್ದವಳು. ಅವಳನ್ನು ಪಾರು ಮಾಡಲೆಂದು ಬಂದ ಅಜ್ಜಿಯೇ ಕೈಯಾರೆ ಪರದೆ ಸರಿಸಿ ಅವಳ ಕುತ್ತಿಗೆಗೆ ಹಗ್ಗ ತೆಗೆದುಕೊಟ್ಟಂತಾಯಿತು.

 ಎಷ್ಟೋ ಮನೆಗಳಲ್ಲಿ ಇನ್‌ಸ್ಪೆಕ್ಟರಮ್ಮ ಎಷ್ಟೋ ಪರದೆ ಸರಿಸಿದ್ದರು. ಸ್ವಂತ ಮನೆಯ ಪರದೆ ಸರಿಸಿದ್ದು ಇದೇ ಮೊದಲು.

ಗಡಿಯಾರ ಸಾರ್ ಒಂದು ಕುರ್ಚಿಯನ್ನು ಸದ್ದಾಗದಂತೆ ಅವರ ಹಿಂದೆ ತಂದಿಟ್ಟರು. ತಗ್ಗಿದ ದನಿಯಲ್ಲಿ ಅಂದರು: “ಮೇಡಂ... ನಾನು ಈ ಕೋಣೆಗೆ ಬಂದೇ ಇಲ್ಲ ಅಂದ್ಕೊಳ್ಳಿ.”

ಒಳ್ಳೆಯ ಮನುಷ್ಯ. ಹೀಗೆ ಹೇಳುವುದಕ್ಕೂ ಧೈರ್ಯ ಬೇಕು.

“ಬೇಡ ಸಾರ್. ನೀವು ಬಂದಿದೀರಿ. ನಾನೂ ನೋಡಿದೀನಿ. ಫಲಕ ನಿಮ್ಮ ಕೋಣೇಲಿಟ್ಟು ಬೀಗ ಹಾಕಿ. ಸಮಿತಿ ಮುಂದೆ ನೀವೇ ಇಡಿ. ಅಲ್ಲಿವರೆಗೆ ನನಗೆ ಸ್ವಲ್ಪ ಹೊತ್ತು ಕೊಡಿ, ಅಷ್ಟು ಸಾಕು.”

“ಮೊನ್ನೆ ಆ ಜಗಳ ಆಗದೇ ಇದ್ದಿದ್ರೆ...” ಅವರು ಅರ್ಧಕ್ಕೇ ನಿಲ್ಲಿಸಿದರು.

“ಪೂರ್ತಿ ಹೇಳಿ. ನಾನು ಅಜ್ಜಿ ಅಂತ ಮುಚ್ಚಿಡಬೇಡಿ.”

“ಗುಬ್ಬಿ ಹೋದ ವಾರ ಹಾಸ್ಟೆಲಲ್ಲಿ ಲೋಟ ತೊಳೀವಾಗ ಎಡಗೈ ಕಿರುಬೆರಳು ಕುಯ್ಕೊಂಡ್ಲಲ್ಲ. ಹೊಲಿಗೆ ಬಿಚ್ಚೋ ತನಕ ಆ ಬೆರಳು ತಂತಿಗೆ ತಾಗಲೇ ಕೂಡದು ಅಂತ ಮೇಡಂ ಕಟ್ಟಪ್ಪಣೆ ಮಾಡಿದ್ರು. ಮೂರೇ ಬೆರಳಲ್ಲಿ ಅಭ್ಯಾಸ. ಮೊನ್ನೆ ಅವರು ‘ಈ ವರ್ಷ ಕಛೇರಿ ಬೇಡ, ಮುಂದಿನ ವರ್ಷ ಕೊಡು’ ಅಂದ್ರಂತೆ. ಕೊನೆಯ ವರ್ಷದ ಕಛೇರಿ ಅಂದ್ರೆ ನಮ್ಮಲ್ಲಿ ಅದೇ ಪರೀಕ್ಷೆ. ಅದು ಕೊಡದೇ ಪದವಿ ಇಲ್ಲ. ಹುಡುಗಿ ಓಣಿ ನಡುವೆ ನಿಂತು ಕೂಗಿದ್ಲು, ‘ನಿಮ್ಮ ಬೆರಳು ಹೋಗಿದ್ರೆ ಗೊತ್ತಾಗ್ತಿತ್ತು ನಿಮಗೆ’ ಅಂತ. ಎಲ್ಲರೂ ಬಾಗಿಲು ತೆಗೆದು ನೋಡಿದ್ರು.”

“ಮೇಡಂ ಬಿದ್ದಾಗ ಮೊದಲು ನೋಡಿದ್ದು ಯಾರು?”

“ಪಿಯಾನೋ ಅಕ್ಕ. ನಾವು ಬರೋಷ್ಟರಲ್ಲಿ ಅವರ ತಲೆ ತೊಡೆ ಮೇಲಿಟ್ಕೊಂಡು ಕೂತಿದ್ರು ಪಾಪ. ಸೀರೆಯೆಲ್ಲ ರಕ್ತ. ಇಬ್ಬರೂ ಇಲ್ಲೇ, ಒಂದೇ ತರಗತೀಲಿ ಪದವಿ ಓದಿದವರು. ಒಬ್ಬರು ಮೇಡಂ ಆದ್ರು, ಇನ್ನೊಬ್ಬರು ಪಕ್ಕವಾದ್ಯಕ್ಕೇ ಉಳಿದ್ರು.”

*

ಹೊರಗಿನ ಓಣಿಯಲ್ಲಿ ಉದ್ದನೆಯ ಬೆಂಚು. ಅದರ ಒಂದು ತುದಿಯಲ್ಲಿ ಗುಬ್ಬಿ, ಇನ್ನೊಂದು ತುದಿಯಲ್ಲಿ ಒತ್ತಿಕೊಂಡು ಕೂತ ಮೂರು ಜನ ಸಹಪಾಠಿಗಳು. ನಡುವೆ ಇಡೀ ಕುಟುಂಬ ಕೂರುವಷ್ಟು ಜಾಗ ಖಾಲಿ ಬಿಟ್ಟಿದ್ದರು.

ಆ ಖಾಲಿ ಜಾಗದಲ್ಲಿ ಪಿಯಾನೋ ಅಕ್ಕ ಒಬ್ಬರೇ ಬಂದು ಕೂತಿದ್ದರು. ವಿಭಾಗದಲ್ಲಿ ಯಾರು ಹಾಡಲಿ, ಯಾರು ನುಡಿಸಲಿ, ಅವರಿಗೆ ಪಿಯಾನೋ ಸಾಥ್ ಕೊಡುವುದು ಆಕೆಯ ಕೆಲಸ. ವೇದಿಕೆ ಹತ್ತುವ ಮಕ್ಕಳ ಗುಂಡಿ ಹೊಲಿಯುವುದು, ಹೆದರಿದವರಿಗೆ ನೀರು ಕುಡಿಸುವುದು ಯಾರೂ ಹೇಳದೆ ಆಕೆ ಹಚ್ಚಿಕೊಂಡ ಕೆಲಸ. ಗುಬ್ಬಿಯ ಹೆಗಲ ಮೇಲೆ ತಮ್ಮ ಶಾಲು ಹೊದಿಸಿ, ಇನ್‌ಸ್ಪೆಕ್ಟರಮ್ಮನನ್ನು ಕಂಡು ಎದ್ದರು.

“ಬೆಳಗಿಂದ ಒಂದು ತುತ್ತೂ ತಿಂದಿಲ್ಲಮ್ಮ ಇವಳು. ನನಗೆ ರಿಹರ್ಸಲ್ ಇದೆ, ಮುಗಿಸ್ಕೊಂಡು ಬರ್ತೀನಿ,” ಎಂದು ಹೇಳಿ ಹೊರಟುಹೋದರು.

“ಗುಬ್ಬೀ, ಅಲ್ಲೇ ಇರು. ಎಲ್ಲೂ ಹೋಗ್ಬೇಡ,” ಎಂದರು ಅಜ್ಜಿ. ಮೊಮ್ಮಗಳು ತಲೆಯಾಡಿಸಿದಳು. ಬಿಳಿ ಬಟ್ಟೆ ಸುತ್ತಿದ ಕಿರುಬೆರಳನ್ನು ಇನ್ನೊಂದು ಕೈಯಲ್ಲಿ ಮುಚ್ಚಿಕೊಂಡಿದ್ದಳು, ಚಳಿಯಲ್ಲಿ ಮರಿಯನ್ನು ಮುಚ್ಚಿಕೊಂಡ ಹಾಗೆ.

ಇನ್‌ಸ್ಪೆಕ್ಟರಮ್ಮ ಐದನೇ ಕೋಣೆಯ ಬಾಗಿಲು ತಟ್ಟಿದರು.

ಅಲ್ಲಿದ್ದವಳು ಸಾಕ್ಷಿ ಹೇಳಿದ ಹುಡುಗಿ. ಎತ್ತರಕ್ಕೆ ಏಣಿ ಎಂದೇ ಅಡ್ಡಹೆಸರು. ಪಿಟೀಲಿನ ದೊಡ್ಡಣ್ಣನಂಥ, ನೆಲಕ್ಕೂರಿ ತೊಡೆಗಳ ನಡುವೆ ಹಿಡಿದು ನುಡಿಸುವ ಚೆಲ್ಲೊ ಅವಳ ವಾದ್ಯ. ಅಜ್ಜಿ ಬಂದದ್ದು ನೋಡಿ ಎದ್ದು, ತಾನು ಕೂತಿದ್ದ ಮೆತ್ತನೆಯ ಕುರ್ಚಿಯನ್ನೇ ಮುಂದೆ ತಳ್ಳಿದಳು.

“ನಾನು ಮಾತು ಬದಲಾಯಿಸಲ್ಲ ಅಜ್ಜಿ. ಗುಬ್ಬಿ ಇಲ್ಲೇ ಇದ್ಲು. ಗೋಡೆ ಆಚೆ. ಬೇಕಾದ್ರೆ ಬರೆದುಕೊಡ್ತೀನಿ.”

“ಬರೆಯೋದು ಬೇಡ ಮಗಳೇ. ನುಡಿಸ್ತೀಯಾ?”

“ಏನು?”

“ನಿನ್ನೆ ನೀನು ಗೋಡೆ ಆಚೆಯಿಂದ ಕೇಳಿದ್ದನ್ನ. ನಿಮಗೆ ಅದಕ್ಕೇ ಒಂದು ಕ್ಲಾಸಿದೆಯಂತಲ್ಲ. ಒಂದು ಸಲ ಕೇಳಿ ಹಾಗೆ ಹಾಗೇ ಒಪ್ಪಿಸಬೇಕಂತೆ?”

ಏಣಿಯ ಮುಖದಲ್ಲಿ ನಗು ಮೂಡಿತು. “ಅಯ್ಯೋ, ಅದರಲ್ಲಿ ನಾನೇ ಫಸ್ಟು. ಗುಬ್ಬಿ ನನಗೆ ಟೇಪು ಅಂತಾಳೆ. ನಮ್ಮಪ್ಪ ಮಾತ್ರ ‘ಮೂರು ವರ್ಷ ಓದಿ ಬೇರೆಯವರದ್ದನ್ನ ಕದ್ದು ಕೇಳೋದು ಕಲ್ತೆಯಾ’ ಅಂತಾರೆ.”

“ನಿಮ್ಮಪ್ಪನಿಗೆ ಹೇಳು, ನಾನೂ ಅದೇ ಕೆಲಸ ಮಾಡಿ ಪಿಂಚಣಿ ತಗೋತಿದೀನಿ ಅಂತ. ನುಡಿಸು. ತಪ್ಪಿದ್ದರೆ ತಪ್ಪೂ ಸೇರಲಿ. ನಿಂತಿದ್ದರೆ ನಿಲ್ಲು. ಅಂದವಾಗಿ ಮಾಡಬೇಡ, ಇದ್ದ ಹಾಗೆ ಮಾಡು.”

ಹುಡುಗಿ ಕಣ್ಣು ಮುಚ್ಚಿ ನೆನಪಿಸಿಕೊಂಡಳು. ಆಮೇಲೆ ಕಮಾನು ಎಳೆದಳು.

ಗುಬ್ಬಿಯ ಕಛೇರಿಯ ಕೃತಿ ಅದು. ಮನೆಗೆ ಬಂದಾಗಲೆಲ್ಲ ಅವಳು ಅದನ್ನೇ ನುಡಿಸುತ್ತಿದ್ದಳು. ನಡುವೆ ಒಂದು ಜಾಗದಲ್ಲಿ, ಕೆಳಗೆ ಹರಿಯುತ್ತಿದ್ದ ರಾಗ ಒಮ್ಮೆಲೇ ಎತ್ತರದ ಸ್ವರವೊಂದಕ್ಕೆ ನೆಗೆಯುತ್ತದೆ. ಹುಡುಗರು ಅದಕ್ಕೆ ‘ಹೊಳೆ ದಾಟೋ ಜಾಗ’ ಎನ್ನುತ್ತಾರೆ. ಏಣಿ ಅಲ್ಲಿಗೆ ಬಂದಳು, ದಾಟಿದಳು, ನಿಂತಳು. ಹಿಂದೆ ಹೋಗಿ ಮತ್ತೆ ದಾಟಿದಳು. ಮತ್ತೆ ನಿಂತಳು. ಅಭ್ಯಾಸ ಮಾಡುವವರು ಹಾಗೆಯೇ ಮಾಡುತ್ತಾರೆ.

“ನಿಲ್ಲು,” ಎಂದರು ಇನ್‌ಸ್ಪೆಕ್ಟರಮ್ಮ. “ಆ ಮೇಲಿನ ಸ್ವರ. ಅದು ಎಳ್ಕೊಂಡು ಬಂತಾ, ನೇರವಾಗಿ ಬಿತ್ತಾ?”

“ನೇರವಾಗಿ. ಟಕ್ ಅಂತ. ಗುಬ್ಬಿ ಯಾವಾಗಲೂ ಹಾಗೇ...”

ಮಾತು ಅಲ್ಲಿಯೇ ತುಂಡಾಯಿತು. ಏಣಿ ತನ್ನ ಎಡಗೈಯನ್ನು ನೋಡಿಕೊಂಡಳು. ಆ ಸ್ವರದ ಮೇಲೆ ಕೂತಿದ್ದದ್ದು ಅವಳ ಕಿರುಬೆರಳು.

ಮೇಷ್ಟ್ರ ಮುಂದೆ ಪಾಠ ಮರೆತ ಮಗುವಿನಂತೆ ಅವಳ ತುಟಿ ಒಣಗಿತು. “ಅಜ್ಜಿ... ಮೂರು ಬೆರಳಲ್ಲಿ ಇದು ಆಗಲ್ಲ. ಆ ವೇಗದಲ್ಲಿ ಉಂಗುರದ ಬೆರಳನ್ನ ಜಾರಿಸ್ಕೊಂಡೇ ಹೋಗ್ಬೇಕು. ಜಾರಿದ್ದು ಕೇಳಿಸುತ್ತೆ. ಈ ವಾರವೆಲ್ಲ ಅವಳು ಹಾಗೇ ಜಾರಿಸ್ತಿದ್ಲು. ಬೆಕ್ಕು ಕೂಗಿದ ಹಾಗಿದೆ ಅಂತ ನಾನೇ ರೇಗಿಸಿದ್ದೆ.”

“ನಿನ್ನೆ?”

“ನಿನ್ನೆ ಜಾರಲಿಲ್ಲ.” ಅವಳ ಕಣ್ಣು ತುಂಬಿತು. “ಎಷ್ಟೋ ತಿಂಗಳಿಂದ ಗೋಡೆ ಆಚೆ ಅದನ್ನೇ ಕೇಳಿದೀನಿ. ಅಭ್ಯಾಸ ಆಗಿಬಿಟ್ಟಿದೆ. ಕೇಳಿಸ್ತು, ಆದರೆ ನಾನು ಕೇಳಿಸ್ಕೊಳ್ಳಲಿಲ್ಲ. ಥೂ, ಇದಕ್ಕಾ ನಾನು ಫಸ್ಟು!”

ಇನ್‌ಸ್ಪೆಕ್ಟರಮ್ಮ ಅವಳ ಮಂಡಿಯ ಮೇಲೆ ಕೈಯಿಟ್ಟರು. “ನಿನ್ನ ಕಿವಿ ತಪ್ಪಿಲ್ಲಮ್ಮ. ಕಿವಿ ಇಟ್ಕೊಂಡಿತ್ತಲ್ಲ, ಅದಕ್ಕೇ ಈಗ ಕೊಡ್ತು. ಇನ್ನೇನಾದ್ರೂ ಇತ್ತಾ? ದಿನದ ಹಾಗಲ್ಲ ಅನ್ನಿಸೋದು?”

“ಬಾಗಿಲು ತೆರೆದಿತ್ತು. ಈ ಬಾಗಿಲುಗಳಿಗೆ ಅಂಚಿಗೆಲ್ಲ ಉಣ್ಣೆ ಬಡಿದಿದೆ, ಯಾರೂ ತೆರೆದಿಟ್ಟು ನುಡಿಸಲ್ಲ. ನಿನ್ನೆ ಮಾತ್ರ ಮೆಟ್ಟಿಲ ಕಡೆಯೆಲ್ಲ ಗಂಯ್ ಅಂತಿತ್ತು. ನಾನು ಗೋಡೆ ಗುದ್ದಿ ಕೂಗಿದೆ, ‘ಲೇ, ಬಾಗಿಲು ಹಾಕ್ಕೊಳ್ಳೇ, ಊರಿಗೆಲ್ಲ ಕಛೇರಿ ಕೊಡ್ತಿದೀಯಾ’ ಅಂತ. ಯಾವಾಗಲೂ ತಿರುಗಿ ಬೈತಾಳೆ ಅಜ್ಜಿ, ಬಿಡೋಳಲ್ಲ. ನಿನ್ನೆ ಬೈಯಲಿಲ್ಲ. ನುಡಿಸ್ತಾನೇ ಇದ್ಲು. ಆಮೇಲೆ ಆ ಸದ್ದು... ಮೇಡಂ ಬಿದ್ದ ಸದ್ದು. ಓಡಿ ಹೊರಗೆ ಬರೋಷ್ಟರಲ್ಲಿ ಪಿಟೀಲು ನಿಂತಿತ್ತು.”

ಬೈಗುಳಕ್ಕೆ ಉತ್ತರ ಕೊಡದ ಗುಬ್ಬಿ. ಹೊಲಿಗೆ ಹಾಕಿದ ಬೆರಳಿನಿಂದ ಸಲೀಸಾಗಿ ಹೊಳೆ ದಾಟಿದ ಗುಬ್ಬಿ.

ಆರನೇ ಕೋಣೆಯಲ್ಲಿ ಗುಬ್ಬಿ ಇರಲೇ ಇಲ್ಲ. ಇದ್ದದ್ದು ಅವಳ ಹಳೆಯ ನುಡಿಸಾಣಿಕೆ. ಬೆರಳು ಕುಯ್ದುಕೊಳ್ಳುವುದಕ್ಕೆ ಮೊದಲು ಯಾರೋ ಧ್ವನಿ ಮುದ್ರಿಸಿಟ್ಟುಕೊಂಡದ್ದು.

ಹಾಗಾದರೆ ತಮ್ಮ ಮೊಮ್ಮಗಳು ತಮ್ಮ ಕಣ್ಣಲ್ಲಿ ಕಣ್ಣಿಟ್ಟು ಸುಳ್ಳು ಹೇಳಿದ್ದಳು.

*

ಗುಬ್ಬಿಯನ್ನು ಆರನೇ ಕೋಣೆಗೆ ಕರೆದು, ಇನ್‌ಸ್ಪೆಕ್ಟರಮ್ಮ ತಾವೇ ಬಾಗಿಲು ಮುಚ್ಚಿದರು.

“ನಿನ್ನೆ ಎಲ್ಲಿದ್ದೆ?”

“ಹೇಳಿದ್ನಲ್ಲ ಅಜ್ಜಿ. ಇಲ್ಲೇ.”

“ಇನ್ನೊಂದು ಸಲ ಹೇಳು.”

“ಇಲ್ಲೇ ಇದ್ದೆ! ಎಷ್ಟು ಸಲ ಕೇಳ್ತೀಯ? ನೀನೂ ನನ್ನನ್ನ ಪೊಲೀಸ್ ಥರ ನೋಡ್ತಿದೀಯಾ?”

“ಪೊಲೀಸ್ ಥರ ನೋಡಿದ್ದಿದ್ರೆ ಬಾಗಿಲು ಮುಚ್ಚಿ ಕೇಳ್ತಿರಲಿಲ್ಲ ಪುಟ್ಟಾ. ಹೊರಗೆ ಎಲ್ಲರ ಮುಂದೆ ಕೇಳ್ತಿದ್ದೆ.” ಅಜ್ಜಿಯ ದನಿ ಏರಲಿಲ್ಲ. “ಮೆಟ್ಟಿಲಿಗೆ ಕಟ್ಟಿದ್ದ ಫಲಕ ಸಿಕ್ತು. ಈ ಪರದೆ ಹಿಂದೆ.”

ಗುಬ್ಬಿ ಪರದೆಯನ್ನು ನೋಡಿದಳು. ಬಣ್ಣವೆಲ್ಲ ಇಳಿದುಹೋಯಿತು. ನಟನೆಯಲ್ಲ ಅದು. ಅಷ್ಟು ಬೇಗ ಮುಖದಿಂದ ರಕ್ತ ಇಳಿಸುವ ನಟರನ್ನು ಇನ್‌ಸ್ಪೆಕ್ಟರಮ್ಮ ಕಂಡಿರಲಿಲ್ಲ.

“ಈಗ ನೀನು ಇಲ್ಲಿದ್ದೆ ಅಂದ್ರೆ ಅದನ್ನ ಇಟ್ಟವಳು ನೀನೇ ಅಂತ ಆಗುತ್ತೆ. ಇಲ್ಲಿರಲಿಲ್ಲ ಅಂದ್ರೆ ಎಲ್ಲಿದ್ದೆ ಅಂತ ಹೇಳ್ಬೇಕಾಗುತ್ತೆ. ಎರಡರಲ್ಲಿ ಯಾವುದು?”

 ಗೋಡೆಯಾಚೆ ಏಣಿ ಒಂದೇ ಸ್ವರವನ್ನು ಎಳೆಯುತ್ತಿದ್ದಳು, ತನ್ನ ಮೇಲೇ ಮುನಿಸಿಕೊಂಡವಳಂತೆ.

ಗುಬ್ಬಿ ಎಡಗೈ ಚಾಚಿದಳು. ಬಟ್ಟೆಯ ಸುತ್ತಿನಿಂದ ಕಿರುಬೆರಳಿನ ತುದಿ ಮಾತ್ರ ಹೊರಗಿತ್ತು. ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಅಂದಳು, “ಚಿವುಟು.”

“ಏನಂದೆ?”

“ಚಿವುಟು ಅಜ್ಜಿ. ಜೋರಾಗಿ.”

ಅಜ್ಜಿ ಉಗುರಿನಿಂದ ಮೆಲ್ಲಗೆ ಒತ್ತಿದರು. ಆಮೇಲೆ ಇನ್ನಷ್ಟು. ಬೆರಳ ತುದಿಯಲ್ಲಿ ಬಿಳಿಯ ಗುರುತು ಬಿತ್ತು.

ಗುಬ್ಬಿ ಕಿಟಕಿಯನ್ನೇ ನೋಡುತ್ತಿದ್ದಳು. “ಚಿವುಟಿದ್ಯಾ?”

ಇನ್‌ಸ್ಪೆಕ್ಟರಮ್ಮನಿಗೆ ಕೈ ಬಿಡಲಾಗಲಿಲ್ಲ. ಆ ಬೆರಳನ್ನು ಹಾಗೆಯೇ ಹಿಡಿದುಕೊಂಡು ಕೂತುಬಿಟ್ಟರು.

“ನರ ತುಂಡಾಗಿದೆಯಂತೆ,” ಎಂದಳು ಹುಡುಗಿ. “ನಿನ್ನೆ ಮಧ್ಯಾಹ್ನ ನರದ ಡಾಕ್ಟರ ಹತ್ತಿರ ಹೋಗಿದ್ದೆ. ಕಣ್ಣು ಮುಚ್ಚಿಸಿ ಸೂಜಿ ಚುಚ್ಚಿದ್ರು. ಎಲ್ಲಿ ಚುಚ್ಚಿದೆ ಹೇಳು ಅಂದ್ರು. ಹೇಳೋಕೇ ಆಗಲಿಲ್ಲ. ಆಪರೇಷನ್ ಮಾಡಿದ್ರೆ ಸ್ಪರ್ಶ ಬರಬಹುದು, ಬರದೇನೂ ಇರಬಹುದು ಅಂದ್ರು. ಅಮ್ಮನಿಗೆ ಹೇಗೆ ಹೇಳಲಿ? ಸಂಗೀತ ಓದಿ ಏನು ಮಾಡ್ತೀಯ, ಹಾಡೋಕೆ ಬಾರಿಸೋಕೆಲ್ಲ ಡಿಗ್ರಿ ಯಾಕೆ ಅಂತ ಮನೆಯವರೆಲ್ಲ ಅಂದಾಗ ನೀನೊಬ್ಬಳೇ ತಾನೇ ನನ್ನ ಪರ ನಿಂತಿದ್ದು? ನಿನಗೆ ಹೇಗೆ ಹೇಳಲಿ? ಇಲ್ಲಿ ಗೊತ್ತಾದ್ರೆ ಪಿಟೀಲು ಬಿಡಿಸಿ ಬರೀ ಚರಿತ್ರೆ ಪೇಪರು ಬರಿ ಅಂತಾರೆ. ಕಛೇರಿ ಒಂದು ಮುಗಿದುಹೋಗಲಿ, ಆಮೇಲೆ ಏನಾದ್ರೂ ಆಗಲಿ ಅಂದ್ಕೊಂಡೆ.”

“ಮೇಡಂಗೆ?”

“ಹೊಲಿಗೆ ಮಾತ್ರ ಅಂದ್ಕೊಂಡಿದ್ರು. ನಾನು ಹೇಳಲಿಲ್ಲ.” ಈಗ ಅಳು ಒಡೆಯಿತು. “ಅಷ್ಟು ಕೂಗಾಡಿಬಿಟ್ಟೆ ಅವರ ಮೇಲೆ. ಅದೇ ಕೊನೇ ಮಾತು ಆಗಿಬಿಟ್ರೆ ಅಜ್ಜಿ?”

ಅಜ್ಜಿ ಸೆರಗಿನ ತುದಿಯಿಂದ ಅವಳ ಮುಖ ಒರೆಸಿದರು. ಒರೆಸುತ್ತಿದ್ದ ಕೈ ನಡುವೆಯೇ ನಿಂತಿತು.

ಇಷ್ಟು ಹೊತ್ತು ಆ ಮುದ್ರಿಸಿದ ಪಿಟೀಲನ್ನು ಅವರು ಒಂದು ಮರೆಯೆಂದೇ ತಿಳಿದಿದ್ದರು. ಗುಬ್ಬಿ ಇಲ್ಲೇ ಇದ್ದಾಳೆಂದು ನಾಲ್ಕು ಜನ ನಂಬಲಿ ಎಂದು ಹಾಕಿದ್ದು. ಆದರೆ ಅಷ್ಟಕ್ಕಾದರೆ ಬಾಗಿಲು ಯಾಕೆ ತೆರೆದಿಡಬೇಕು? ಪಕ್ಕದ ಏಣಿಗೆ ಗೋಡೆಯಾಚೆಯಿಂದಲೇ ಕೇಳಿಸುತ್ತದೆ. ಬಾಗಿಲು ತೆರೆದರೆ ಸದ್ದು ಹೋಗುವುದು ಹಿಂದಿನ ಮೆಟ್ಟಿಲು ಹತ್ತಿ ಮೇಲಕ್ಕೆ.

ಮೇಲೆ ಇರುವುದು ಒಂದೇ ಕೋಣೆ, ಮೇಡಂ ಅವರದು.

“ಗುಬ್ಬೀ, ಅಳು ನಿಲ್ಸು. ನಾನು ಕೇಳೋದಕ್ಕೆ ಯೋಚಿಸಿ ಉತ್ತರ ಕೊಡು. ನಿನ್ನೆ ಮೇಡಂ ತಮ್ಮ ಕೋಣೇಲಿ ಕೂತಿದಾರೆ. ಕೆಳಗಿಂದ ನಿನ್ನ ಪಿಟೀಲು ಕೇಳಿಸುತ್ತೆ. ಹೊಳೆ ದಾಟೋ ಜಾಗ. ಜಾರಿಸಿಲ್ಲ, ನೇರವಾಗಿ ಬಿತ್ತು. ಒಂದಲ್ಲ, ಎರಡು ಸಲ. ಅವರಿಗೆ ಏನು ಅನ್ಸುತ್ತೆ?”

ಗುಬ್ಬಿ ಕಣ್ಣು ಅಗಲಿಸಿದಳು. “ನಾನು ಹೊಲಿಗೆ ಹಾಕಿದ ಬೆರಳು ಬಳಸ್ತಿದೀನಿ ಅಂತ.”

“ಏನು ಮಾಡ್ತಾರೆ?”

“ಹೊಲಿಗೆ ಕಿತ್ತುಹೋಗುತ್ತೆ ಅಂತ... ಅವರು... ಓಡಿ ಬರ್ತಾರೆ ಅಜ್ಜಿ. ಚಪ್ಪಲಿನೂ ಹಾಕ್ಕೊಳ್ಳಲ್ಲ.”

“ಯಾವ ದಾರೀಲಿ?”

ಗುಬ್ಬಿ ಬಾಗಿಲಿನ ಕಡೆ ನೋಡಿದಳು.  ಮುಂದಿನ ಮೆಟ್ಟಿಲಿಗೆ ಇಡೀ ಕಟ್ಟಡ ಸುತ್ತಿ ಬರಬೇಕು. ಹಿಂದಿನದು ಈ ಬಾಗಿಲ ಎದುರಿಗೇ ಇಳಿಯುತ್ತದೆ.

ಬೇರೆ ಯಾರೇ ಕೇಳಿದ್ದರೂ ಅದು ಚೆನ್ನಾಗಿ ನುಡಿಸುತ್ತಿರುವ ಪಿಟೀಲು ಅಷ್ಟೇ. ಅದನ್ನು ಕೇಳಿ ಎದೆಯೊಡೆದು ಓಡಿಬರುವವರು ಈ ಭೂಮಿಯ ಮೇಲೆ ಒಬ್ಬರೇ ಇದ್ದರು. ಶಿಷ್ಯೆಯ ಬೆರಳು ಉಳಿಯಬೇಕು ಎಂಬ ಆ ಅಕ್ಕರೆಯನ್ನೇ ಯಾರೋ ಗಾಳಕ್ಕೆ ಸಿಕ್ಕಿಸಿದ್ದರು. ಫಲಕ ಬಿಚ್ಚಿ, ಎಣ್ಣೆ ಸವರಿದ ಮೆಟ್ಟಿಲನ್ನು ಬರಿದಾಗಿಸಿ, ಬಾಗಿಲು ತೆರೆದಿಟ್ಟಿದ್ದರು.

ಕಳ್ಳತನ, ಕೊಲೆ, ವಿಷ, ಬೆಂಕಿ, ಎಲ್ಲವನ್ನೂ ಇನ್‌ಸ್ಪೆಕ್ಟರಮ್ಮ ಕಂಡಿದ್ದರು. ಇಷ್ಟು ತಣ್ಣಗಿನದನ್ನು ಕಂಡಿರಲಿಲ್ಲ. 

“ಬೆರಳು ಕುಯ್ಕೊಳ್ಳೋಕೆ ಮೊದಲು ನೀನು ನುಡಿಸಿದ್ದು ಯಾರ ಹತ್ತಿರ ಇದೆ?”

“ಅಭ್ಯಾಸ ಮಾಡಿದ್ದನ್ನ ಎಲ್ಲರೂ ರೆಕಾರ್ಡ್ ಮಾಡಿ ಕೇಳ್ಕೊಳ್ತೀವಿ. ನನ್ನ ಹತ್ತಿರ ಇದ್ದದ್ದನ್ನ ನಾನು ಅಳಿಸಿಬಿಟ್ಟೆ. ಕೇಳೋಕೆ ಆಗ್ತಿರಲಿಲ್ಲ.”

“ಇನ್ಯಾರ ಹತ್ತಿರ?”

“ಮೇಡಂ ಹತ್ತಿರ ಇತ್ತೇನೋ...”

“ಅವರೇ ತಮ್ಮನ್ನ ಆ ಮೆಟ್ಟಿಲಿಗೆ ಕರೆಸಿಕೊಳ್ಳಲ್ಲ. ಇನ್ಯಾರ ಹತ್ತಿರ?”

ಗುಬ್ಬಿ ತಲೆ ಅಲ್ಲಾಡಿಸತೊಡಗಿದಳು, ಬೇಡವೆನ್ನುವ ಹಾಗೆ. “ಇಲ್ಲ ಅಜ್ಜಿ. ನೀನು ತಪ್ಪು ತಿಳ್ಕೊಳ್ತೀಯ.”

“ನೀನು ನಿನ್ನೆ ಡಾಕ್ಟರ ಹತ್ತಿರ ಹೋಗೋದು ಯಾರಿಗೆ ಗೊತ್ತಿತ್ತು? ನೀನು ಇಲ್ಲಿರಲ್ಲ ಅಂತ ಗೊತ್ತಿಲ್ಲದವರು ಈ ಕೋಣೇಲಿ ಇದನ್ನ ಮಾಡೋಕಾಗಲ್ಲ.”

“ಒಬ್ಬರಿಗೇ ಹೇಳಿದ್ದೆ. ನನ್ನ ಒಳ್ಳೇದಕ್ಕೇ... ಅವರೇ ಆ ಡಾಕ್ಟರನ್ನ ಹುಡುಕಿಕೊಟ್ಟದ್ದು. ‘ಯಾರಿಗೂ ಹೇಳ್ಬೇಡ, ಯಾರಾದ್ರೂ ಕೇಳಿದ್ರೆ ಆರನೇ ಕೋಣೇಲಿದ್ದೆ ಅನ್ನು, ಮಿಕ್ಕದ್ದು ನಾನು ನೋಡ್ಕೊಳ್ತೀನಿ’ ಅಂದ್ರು. ನಾನು ಇಲ್ಲದಿರೋದು ಗೊತ್ತಾಗದೇ ಇರಲಿ ಅಂತಷ್ಟೇ ಅದನ್ನ ಹಾಕಿರಬಹುದಲ್ವಾ ಅಜ್ಜಿ? ಅಲ್ವಾ?”

“ಇರಬಹುದು. ಫಲಕ?”

ಗುಬ್ಬಿ ಪರದೆಯ ಕಡೆ ತಿರುಗಿದಳು. 

“ಹೆಸರು ಹೇಳು ಪುಟ್ಟಾ. ಇನ್ನು ಸ್ವಲ್ಪ ಹೊತ್ತಿಗೆ ಸಮಿತಿ ಮುಂದೆ ನಿಲ್ಲೋಳು ನೀನು. ಸಾಥ್ ಕೊಡುವಾಗ ಪ್ರತಿ ಸಲ ನಿನ್ನ ಪಿಟೀಲನ್ನ ಮುದ್ರಿಸ್ಕೊಳ್ಳೋದು ಯಾರು?”

“ಪಿಯಾನೋ ಅಕ್ಕ,” ಎಂದಳು ಗುಬ್ಬಿ. ಹೇಳಿದ್ದೇ ಅವಳ ದೃಷ್ಟಿ ಅಜ್ಜಿಯ ಹೆಗಲು ದಾಟಿ ಹೋಯಿತು, ಮತ್ತೆ ಅಲುಗಲಿಲ್ಲ.

ಇನ್‌ಸ್ಪೆಕ್ಟರಮ್ಮ ತಿರುಗಿದರು.

ಮುಚ್ಚಿದ್ದ ಬಾಗಿಲು ತೆರೆದಿತ್ತು. ಉಣ್ಣೆ ಬಡಿದ ಬಾಗಿಲು, ಸದ್ದು ಮಾಡುವುದಿಲ್ಲ. ಪಿಯಾನೋ ಅಕ್ಕ ಅಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿರಲಿಲ್ಲ. ಅತ್ತಿದ್ದವರ ಕಣ್ಣಿನಂತೆ ರೆಪ್ಪೆ ಊದಿಕೊಂಡಿತ್ತು, ಅಷ್ಟೇ.

ಕೈಯಲ್ಲಿ, ಬಿಸಿ ತಾಗದಿರಲೆಂದು ಬಟ್ಟೆ ಸುತ್ತಿದ ಊಟದ ಡಬ್ಬಿ.

 ಆಕೆ ಅಜ್ಜಿ ಮೊಮ್ಮಗಳ ನಡುವೆ ನಡೆದು ಬಂದು ಮಂಡಿಯೂರಿದರು. ಒಂದೇ ಕೈಯಲ್ಲಿ ತಿನ್ನಬೇಕಾದವಳಿಗೆ ಕಷ್ಟವಾಗದಂತೆ ಮುಚ್ಚಳವನ್ನು ತಾವೇ ಸಡಿಲಿಸಿದರು, ಚಮಚವನ್ನು ಬಲಗಡೆಗೆ ತಿರುಗಿಸಿಟ್ಟರು, ಆಮೇಲೆ ಡಬ್ಬಿಯನ್ನು ಮೆಲ್ಲಗೆ ಗುಬ್ಬಿಯ ಕೈಗೆ ಕೊಟ್ಟರು.